ಹೆಸರಿದ್ದ ಗೋರಾ ಸಿಪಾಯಿ

ಅಯ್ಯನವರ ಬಲಗೈ ಹೆಬ್ಬೆರಳು ಸದಾ ವಿಭೂತಿಯಿಂದ ಬೆಳ್ಳಗಿರುತ್ತಿತ್ತು. ಫೋಟೋ ಮುಟ್ಟುವಾಗ ಮಾತ್ರ ಅದನ್ನು ಧೋತರಕ್ಕೆ ಮೂರು ಸಲ ಒರೆಸಿ, ಅಂಚು ಹಿಡಿದು ಎತ್ತುತ್ತಿದ್ದರು. ನಿಲಂಗಾದಲ್ಲಿ ಫೋಟೋಗೆ ಕಟ್ಟು ಹಾಕುವ ನನ್ನ ಅಂಗಡಿಗೆ ಇಷ್ಟು ನಾಜೂಕಿನ ಗಿರಾಕಿ ಇನ್ನೊಬ್ಬರು ಬಂದಿಲ್ಲ.

ಮನೆಮನೆಗೆ ಪೂಜೆಗೆ ಹೋಗುವ ಜಂಗಮರು. ಹೆಂಡತಿ ಮಕ್ಕಳಿಲ್ಲ. ಅಂಥವರು ಕೂಡಿಹಾಕಿದ್ದು ಏನು? ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷ್ ಸಿಪಾಯಿಗಳ ಫೋಟೋ! ಉದಗೀರದ ಗುಜರಿಯಲ್ಲೋ ಹೈದರಾಬಾದಿನ ಸಂತೆಯಲ್ಲೋ ಸಿಕ್ಕದ್ದನ್ನು ತರುವುದು, ನನ್ನಿಂದ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು.

"ಅಯ್ಯಾರ, ಈ ಗೋರಾ ಮಂದೀನ ಯಾಕ ಮನ್ಯಾಗ ತುಂಬ್ಕೋತೀರಿ?" ಎಂದು ನಾನು ಕಾಡುತ್ತಿದ್ದೆ.

"ಇವರಿಗೂ ಇಲ್ಲಿ ಯಾರೂ ಇಲ್ಲೋ ತಮ್ಮಾ. ಆದ್ರ ಒಬ್ಬನ ಹೆಸರೂ ಗೊತ್ತಿಲ್ಲ. ಸಂಜೀಮುಂದ ಮನಿಗೆ ಹೋಗಿ ಯಾರನ್ನ ಏನಂತ ಕರೀಲಿ? ಹೆಸರಿದ್ದಂವಾ ಒಬ್ಬ ಸಿಕ್ಕರ ಸಾಕು."

ನಾನು ಕಾಡುವುದು ಬಿಟ್ಟು ಕಟ್ಟಿಗೆ ಮೊಳೆ ಹೊಡೆಯುತ್ತಿದ್ದೆ.

ಹೋದ ವರ್ಷ ಅಯ್ಯನವರು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾಗ ಉಮರ್ಗಾ ಕಡೆಯ ಒಬ್ಬ ಮುದುಕಿ ಗಾಜು ಒಡೆದ ಫೋಟೋ ತಂದಳು. "ನಮ್ಮ ಮುತ್ಯಾನ ಮುತ್ಯಾ ರೀ, ಹಿರೇ ಅಜ್ಜ. ನಿಜಾಮನ ಫೌಜಿನ್ಯಾಗ ಇದ್ರಂತ. ದಿನಾ ಹೂವ ಏರಸ್ತೀವಿ."

ಕಟ್ಟು ಬಿಚ್ಚಿದೆ. ಹಿಂದೆ ಇಂಗ್ಲಿಷಿನಲ್ಲಿ ಶಾಯಿಯ ಬರಹ: ಒಬ್ಬ ಗೋರಾ ಸಿಪಾಯಿಯ ಹೆಸರು! ಕಂದಿದ ಫೋಟೋದಲ್ಲಿ ಎಲ್ಲರದೂ ಒಂದೇ ಬಣ್ಣ, ಪಾಪ ಆಕೆಗೇನು ಗೊತ್ತು? ಅಯ್ಯನವರು ಹೆಬ್ಬೆರಳು ಒರೆಸಿ ಫೋಟೋ ಎತ್ತಿಕೊಂಡರು. ಅಕ್ಷರ ಕೂಡಿಸುತ್ತ ಎರಡು ಸಲ ತುಟಿ ಆಡಿಸಿದರು. ಕಣ್ಣು ತುಂಬಿ ಬಂದವು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ದೊಡ್ಡ ಮನಷ್ಯಾರವ್ವಾ," ಎಂದರು ಮುದುಕಿಗೆ. "ನಿನ್ನ ಮುಖದಾಗ ಇವರ ಕಳಾ ಅದ."

ಹಿಂದೆ ರಟ್ಟು ಅಂಟಿಸಲು ನನಗೆ ಸನ್ನೆ ಮಾಡಿದರು. ಹೆಸರು ಮುಚ್ಚಿಹೋಯಿತು. ಹೊಸ ಗಾಜಿನ ಮೇಲೆ ತಾವೇ ವಿಭೂತಿ ಹಚ್ಚಿ ಕೊಟ್ಟರು.

ಆಕೆ ಹೋದ ಮೇಲೆ ನನಗೆ ಸಿಟ್ಟು ತಡೆಯಲಿಲ್ಲ. "ಜನ್ಮ ಪೂರಾ ಹುಡುಕಿದ್ದು ಕೈಯಾಗ ಬಂದಿತ್ತು! ಖರೇ ಹೇಳಿದ್ರ ಆಕಿ ಇಲ್ಲೇ ಬಿಟ್ಟು ಹೋಗ್ತಿದ್ದಳು."

"ನನ್ನ ಗೋಡೀಮ್ಯಾಲ ಅಂವಾ ಇನ್ನೊಬ್ಬ ಸಿಪಾಯಿ ಆಗ್ತಿದ್ದ. ಅಲ್ಲಿ ಮುತ್ಯಾ ಆಗ್ಯಾನ. ಮನಿ ಸಿಕ್ಕಂವನ್ನ ಹೊರಗ ಎಳೀಲೇನು?" ಎಂದು ಛತ್ರಿ ಎತ್ತಿಕೊಂಡು ಹೊರಟರು. ಅವತ್ತು ಅವರು ಒಬ್ಬರೇ ನಡೆದುಹೋದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ಶ್ರಾವಣದಲ್ಲಿ ಅಯ್ಯನವರು ಲಿಂಗೈಕ್ಯರಾದರು. ಊರವರೇ ಮಣ್ಣು ಮಾಡಿದರು. ಅಷ್ಟು ಫೋಟೋ ಕೂಡಿಸಿದವರದು ಒಂದೂ ಫೋಟೋ ಇರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿದೆ. ಅವರ ಸಿಪಾಯಿಗಳನ್ನೂ ಅಂಗಡಿಗೆ ತಂದು, ಆ ಫೋಟೋಗಳ ನಟ್ಟನಡುವೆ ಅಯ್ಯನವರನ್ನು ತೂಗುಹಾಕಿದ್ದೇನೆ. ದಿನವೂ ಗಾಜಿಗೆ ವಿಭೂತಿ ಹಚ್ಚುತ್ತೇನೆ.

ಮೊನ್ನೆ ಒಬ್ಬ ಗಿರಾಕಿ ಅಯ್ಯನವರ ಫೋಟೋ ತೋರಿಸಿ ಯಾರೆಂದು ಕೇಳಿದ.

"ನಮ್ಮ ಮುತ್ಯಾ ರೀ," ಎಂದೆ.

ಅವನು ಫೋಟೋ ನೋಡಿದ, ನನ್ನನ್ನು ನೋಡಿದ. "ಹೌದ್ ಬಿಡ್ರಿ, ನಿಮ್ಮ ಮುಖದಾಗ ಅವರ ಕಳಾ ಅದ," ಎಂದ.