ಉಸಿರಿಗೆ ತಿರುಗುವ ರಾಟೆ

ಹಡಗಿನ ಮಾದರಿಗಳನ್ನು ಮಾಡುವವರು ಈ ಕರಾವಳಿಯಲ್ಲಿ ಹಲವರಿದ್ದಾರೆ. ಆದರೆ ಹಗ್ಗ ಎಳೆದರೆ ತೊಗರಿಕಾಳಿನಷ್ಟು ಮರದ ರಾಟೆಯೂ ನಿಜಕ್ಕೂ ತಿರುಗಬೇಕೆಂದು ಹಟ ಹಿಡಿದವರು ಶ್ರೀ ದಿನಕರ ಅವರೊಬ್ಬರೇ ಇರಬೇಕು. ಚನ್ನಪಟ್ಟಣದಲ್ಲಿ ಹುಟ್ಟಿ, ವಿಶಾಖಪಟ್ಟಣದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಮಾದರಿ ವಿಭಾಗದಲ್ಲಿ ದುಡಿದು, ಈಗ ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಕುರಿತು ಬರೆಯಬೇಕಾದವಳು ಅವರ ಶಿಷ್ಯೆ ಹರಿಣಿ. ವಿಶಾಖಪಟ್ಟಣದ ಅಂಚಿನ ದುವ್ವಾಡದಲ್ಲೇ ಬೆಳೆದ ಅವಳ ಕನ್ನಡ ಅಡುಗೆಮನೆಯ ಹೊಸಿಲು ದಾಟಿದ್ದಲ್ಲ. "ನಾನು ಹೇಳ್ತೀನಂಡೀ, ನೀವು ಬರ್ಕೊಳ್ಳಿ" ಎಂದಳು. ಹಾಗಾಗಿ ಇಲ್ಲಿ ಕಣ್ಣು ಅವಳದು, ಲೇಖನಿ ಮಾತ್ರ ನಮ್ಮ ಕನ್ನಡ ಸಂಘದ್ದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ದಿನಕರ ಅವರು ಬೆಲ್ಲ ತರಲೆಂದು ಅನಕಾಪಲ್ಲಿಗೆ ಹೋಗಿ, ಬೆಲ್ಲ ಮರೆತು, ಬೊಂಬೆ ಮಾಡುವವರ ಅಂಕುಡು ಮರದ ತುಂಡು ಹೊತ್ತು ಬಂದರಂತೆ. ಉಗುರಿನಿಂದ ಗೀರಿ ನೋಡಿದರೆ ಅದು ತಮ್ಮೂರ ಬೊಂಬೆಗಳ ಆಲೆಮರವೇ! ಅಂದಿನಿಂದ ಅವರ ರಾಟೆ, ಚುಕ್ಕಾಣಿ ಚಕ್ರಗಳಿಗೆಲ್ಲ ಅದೇ ಮರ. ಕೈಯಾರೆ ಕಡೆದ ಪ್ರತಿಯೊಂದನ್ನೂ ಹಿತ್ತಾಳೆಯ ಸೂಜಿಗೆ ಪೋಣಿಸಿ, ಕನ್ನಡಕ ಹಣೆಗೇರಿಸಿ, ಮೆಲ್ಲಗೆ ಊದುವುದು ಅವರ ಪದ್ಧತಿ. ಉಸಿರಿಗೆ ತಿರುಗಿದರೆ ಹಡಗಿಗೆ, ಇಲ್ಲದಿದ್ದರೆ ಡಬ್ಬಿಗೆ. ಹರಿಣಿಯ ರಾಟೆಗಳು ಬಹುಕಾಲ ಡಬ್ಬಿಯನ್ನೇ ತುಂಬಿದವು. ಅವರು ಒಂದು ದಿನವೂ ಗದರಲಿಲ್ಲ. "ಇದಕ್ಕೇನು ಕಷ್ಟವೋ ನೋಡೋಣ" ಎನ್ನುತ್ತ ಅವಳ ಪಕ್ಕದಲ್ಲೇ ಕೂತು ಹುಡುಕುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಮಾತು. ಎಲ್ಲವೂ ಕಂಪ್ಯೂಟರಿನಲ್ಲೇ ಕಾಣುವಾಗ ಮಾದರಿ ವಿಭಾಗವೇಕೆ ಎಂಬ ಪ್ರಶ್ನೆ ಎದ್ದಿತ್ತು. ಮೇ ತಿಂಗಳಲ್ಲಿ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಡೆಯುವ ಪ್ರದರ್ಶನದಲ್ಲಿ ಮೇಲಧಿಕಾರಿಗಳು ವಿಭಾಗದವರು ಮಾಡಿದ ಹಾಯಿಹಡಗಿನ ಮಾದರಿಯನ್ನು ನೋಡಿ ತೀರ್ಮಾನಿಸುವುದೆಂದಾಯಿತು. ವಿಭಾಗ ಮುಚ್ಚಿದರೆ ಗುತ್ತಿಗೆ ನೌಕರಳಾದ ಹರಿಣಿ ಮನೆಗೆ. ದಿನಕರ ಅವರೂ ಹರಿಣಿಯೂ ಹಡಗನ್ನು ಹಿಂದಿನ ದಿನವಷ್ಟೇ ಕಳಿಸಿ, ಪ್ರದರ್ಶನದ ದಿನ ಬೆಳಿಗ್ಗೆ ಹೋಗಿ ಇಳಿದರೆ, ಸಭಾಂಗಣ ನೋಡಿಕೊಳ್ಳುವ ಫಣಿ ಬಾಗಿಲಲ್ಲೇ ಕೈಚೆಲ್ಲಿ ನಿಂತಿದ್ದ.

"ಒಂದೂ ತಿರಗಟ್ಲೇದು ಸಾರ್!"

ನಿಜ, ಒಂದು ರಾಟೆಯೂ ತಿರುಗುತ್ತಿರಲಿಲ್ಲ. ಊದಿ ಊದಿ ಹರಿಣಿಯ ಕೆನ್ನೆ ನೋವು ಬಂತು, ಹಿಂದೆಯೇ ಅಳುವೂ ಬಂತು. "ಸಾರ್, ರಂಧ್ರ ಸ್ವಲ್ಪ ದೊಡ್ಡದು ಮಾಡಿಬಿಡ್ಲಾ?"

"ತಡಿಯಮ್ಮ. ಯಾಕೆ ಮುನಿಸ್ಕೊಂಡಿದೆ ಅಂತ ಮೊದಲು ಕೇಳೋಣ."

ಮನೆಗೆ ಬೆಂಕಿ ಬಿದ್ದಾಗ ಹೊಗೆಯ ಬಣ್ಣ ನೋಡುವ ಆಸಾಮಿ ಇವರು ಎಂದು ಅವಳಿಗೆ ಸಿಟ್ಟು ಬಂತು. ದಿನಕರ ಅವರು ಬೆವರಿಗೆ ತೊಯ್ದ ಜೇಬಿನಿಂದ ಸೂಜಿ ಸಮೇತ ಹೆಚ್ಚುವರಿ ರಾಟೆಯೊಂದನ್ನು ತೆಗೆದು ಊದಿದರು. ಅದು ಸರಾಗವಾಗಿ ತಿರುಗಿತು! ಅವರ ಮುಖ ಅರಳಿತು. ಕಡಲಗಾಳಿಯಲ್ಲಿ ಕಡೆದ ಮರ ಇಲ್ಲಿನ ಬಿಸಿಲಿಗೆ, ಎಸಿಗೆ ಒಣಗಿ ಕುಗ್ಗಿ, ಸೂಜಿಯನ್ನು ಬಿಗಿಹಿಡಿದಿತ್ತು; ಜೇಬಿನ ತೇವದಲ್ಲಿದ್ದ ರಾಟೆ ಮಾತ್ರ ಕುಗ್ಗಿರಲಿಲ್ಲ.

"ತಪ್ಪು ನಂದೇ ಕಣಮ್ಮ. ವರ್ಗವಾಗಿ ಬಂದೋರಿಗೂ ಊರು ಒಗ್ಗೋಕೆ ನಾಲ್ಕು ದಿನ ಬೇಕು. ಮರಕ್ಕೆ ನಾನು ಕೊಡಲಿಲ್ಲ. ಈಗ ರಂಧ್ರ ದೊಡ್ಡದು ಮಾಡಿದ್ರೆ ವಿಶಾಖಪಟ್ಟಣದ ತೇವದ ಗಾಳಿಗೆ ಹೋದ್ಮೇಲೆ ಲೊಡಲೊಡ ಅನ್ನುತ್ತೆ. ಹಡಗಿಗೆ ಸಮುದ್ರಾನೇ ಕೊಡೋಣ."

ಫಣಿ ಎಸಿ ಆರಿಸಿ, ಕ್ಯಾಂಟೀನಿನ ಅಗಲವಾದ ತಟ್ಟೆಗಳಲ್ಲಿ ನೀರು ತಂದ. ಅವನ್ನು ಗಾಜಿನ ಪೆಟ್ಟಿಗೆಯೊಳಗೆ ಹಡಗಿನ ಅಡಿಯಲ್ಲಿಟ್ಟು, ತಟ್ಟೆಗಳ ಮೇಲೆ ನೀಲಿ ಬಟ್ಟೆ ಹೊದಿಸಿ ಪೆಟ್ಟಿಗೆ ಮುಚ್ಚಿದರು. ಸಂಜೆ ಅಧಿಕಾರಿಗಳ ಎದುರು ಹರಿಣಿ ಹಗ್ಗ ಎಳೆದಾಗ ನೀರಿನ ತೇವ ಹೀರಿದ್ದ ರಾಟೆಗಳೆಲ್ಲ ತಿರುಗಿದವು, ಹಾಯಿ ಮೇಲೇರಿತು. ವಿಭಾಗ ಉಳಿಯಿತು, ಮರುವರ್ಷ ಹರಿಣಿಯ ಕೆಲಸವೂ ಕಾಯಂ ಆಯಿತು.

ಮೊನ್ನೆ ಬೀಳ್ಕೊಡುಗೆಯಲ್ಲಿ ಅವಳು ತಾನೇ ಕಡೆದ ರಾಟೆಯೊಂದನ್ನು ಗುರುಗಳ ಅಂಗೈಗಿಟ್ಟಳು. ಕನ್ನಡಕ ಹಣೆಗೇರಿತು. ಊದಿದರು, ತಿರುಗಿತು. ಹರಿಣಿ ಉಸಿರು ಬಿಗಿಹಿಡಿದು ನಿಂತಳು.

"ಒಂದು ಬೇಸಿಗೆ ಕಳೀಲಿ," ಎಂದರು ದಿನಕರ ಅವರು. "ಆಮೇಲೆ ಹೇಳ್ತೀನಿ."

ಆ ಬೇಸಿಗೆಯೂ, ಅದರಾಚೆ ಇನ್ನೆಷ್ಟೋ ಬೇಸಿಗೆಗಳೂ ಅವರ ಪಾಲಿಗೆ ಬರಲಿ. ವರ್ಷಕ್ಕೊಂದು ಹೊಸ ರಾಟೆ ಕಡೆದು ತರುವ ಹೊಣೆ ಹರಿಣಿಯದು. ಊದಲು ಅವರಿರಲಿ.