ಮೊದಲ ಸೊಪ್ಪು ಹಾಕಿದ ಕೈ

ಆ ಸಲದ ರೇಷ್ಮೆ ಹುಳು ಸತ್ತದ್ದು ನನ್ನಿಂದ. ಮುನಿರತ್ನಕ್ಕನಿಂದ ಅಲ್ಲ. ಮೂವತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ — ಇನ್ನು ಸಾಕು.

ಮುನಿರತ್ನಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾದ ಎರಡೇ ವರ್ಷಕ್ಕೆ ಅವಳ ಗಂಡ ತೀರಿಹೋದ, ಮಕ್ಕಳಿಲ್ಲ. ಮನೆಯಲ್ಲಿ ಅವಳದು ಅಂತ ಇದ್ದದ್ದು ಹುಳುಮನೆ ಒಂದೇ. ಬೆಳಗಾದರೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು, ತಟ್ಟೆ ತಟ್ಟೆಗೂ ಹಾಕುತ್ತಾ ಹುಳುಗಳ ಜೊತೆ ಮಾತಾಡುತ್ತಿದ್ದಳು. ನನಗೋ ಆ ವಾಸನೆಯೇ ಆಗುತ್ತಿರಲಿಲ್ಲ. ಹೊಸ ಸೊಸೆ, ಸ್ವಲ್ಪ ಕೊಬ್ಬೂ ಇತ್ತು.

ನಮ್ಮಲ್ಲಿ ಪ್ರತಿ ಬೆಳೆಗೂ ಮೊದಲ ಸೊಪ್ಪು ಹಾಕುವುದು ಮುತ್ತೈದೆ. ಆ ಸಲ ಅತ್ತೆ ಜ್ವರದಲ್ಲಿ ಮಲಗಿದ್ದರು, ನಾನು ತವರಿಗೆ ಮಾಲೂರಿಗೆ ಹೋಗಿದ್ದೆ. ಹುಳುವಿನ ಹಸಿವು ಕಾಯುತ್ತದೆಯೇ — ಅಕ್ಕನೇ ಹಾಕಿದಳು. ಚೆನ್ನಾಗಿಯೇ ಬೆಳೆದವು. ನಾನು ತವರಿನಿಂದ ಬಂದ ಮೇಲೆ, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಮೂರು ದಿನ ಮಳೆ ಹಿಡಿಯಿತು.

"ಸೊಪ್ಪು ಒದ್ದೆ ಐತೆ ಕಣೇ, ಆರಿದ ಮೇಲೆ ಹಾಕು," ಎಂದು ಹೇಳಿಯೇ ಅಕ್ಕ ತೋಟಕ್ಕೆ ಹೋಗುತ್ತಿದ್ದಳು. ಮೂರು ಮಧ್ಯಾಹ್ನವೂ ನಾನು ಒದ್ದೆಯದನ್ನೇ ಸುರಿದು ಮಲಗಿದೆ. ಸೋಮಾರಿತನ, ಬೇರೇನಲ್ಲ.

ಹುಳು ಮೆತ್ತಗಾಗಿ, ಕಪ್ಪಾಗಿ, ನಾರತೊಡಗಿದವು. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನಿಂತಿದ್ದರು. ಅತ್ತೆ ನನ್ನನ್ನೇ ಕೇಳಿದರು, "ಒದ್ದೆ ಸೊಪ್ಪು ಹಾಕಿದ್ಯೇನೇ?"

"ಆರಿಸೇ ಹಾಕಿದೀನಿ ಅತ್ತೆ. ಈ ಸಲ ಮೊದಲ ಸೊಪ್ಪು ಹಾಕಿದ್ದು ಅಕ್ಕ ಅಲ್ವಾ?"

ಅಷ್ಟೇ ಅಂದದ್ದು. ಉಳಿದದ್ದನ್ನು ಅವರೇ ಅಂದುಕೊಂಡರು. ನನ್ನ ಮಾತನ್ನು ಅಕ್ಕನೂ ನಂಬಿಬಿಟ್ಟಳು. ಮತ್ತೆ ಹುಳುಮನೆಯೊಳಗೆ ಕಾಲಿಡಲಿಲ್ಲ. ಯುಗಾದಿಗೆ ಮೊದಲೇ ಯಲ್ದೂರಿನ ತಮ್ಮನ ಮನೆಗೆ ಹೊರಟುಹೋದಳು.

ಈಗ ನನ್ನ ಗಂಡನೂ ಇಲ್ಲ. ಉಂಡೆಯಾ ಅಂತ ಕೇಳುವವರಿಲ್ಲ. ಬೆಳಗ್ಗೆ ಯಾಕೆ ಏಳಬೇಕು ಅನ್ನಿಸಿದಾಗ — ನಾನು ಏಳದಿದ್ದರೆ ಹುಳು ಉಪವಾಸ, ಅದೊಂದೇ ನನ್ನನ್ನು ಎಬ್ಬಿಸುತ್ತದೆ. ಮೊದಲ ಸೊಪ್ಪು ಹಾಕುವುದೂ ಈ ವಿಧವೆಯ ಕೈಯೇ. ಗೂಡು ಚೆನ್ನಾಗಿಯೇ ಬರುತ್ತಿದೆ. ಅವಳಿಂದ ಏನನ್ನು ಕಿತ್ತುಕೊಂಡೆ ಅನ್ನುವುದು ನನಗೆ ಆಗ ತಿಳಿದಿರಲಿಲ್ಲ ಅಂದರೆ ಅದೂ ಸುಳ್ಳಾದೀತು. ಸ್ವಲ್ಪ ತಿಳಿದಿತ್ತು.

ಹೋದ ವಾರ ಯಲ್ದೂರಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ತಮ್ಮನ ಮೊಮ್ಮಗು. ಮನೆಯವರೆಲ್ಲ ತೋಟದಲ್ಲಿದ್ದರು. ಎಲ್ಲವನ್ನೂ ಹೇಳಿದೆ — ಮಳೆ, ಸೊಪ್ಪು, ನನ್ನ ನಿದ್ದೆ. ಅವಳು ಕೈಯಲ್ಲಿದ್ದ ಅವರೆಕಾಯಿ ಸುಲಿದು ಮುಗಿಸಿದಳು.

"ಈ ಮನೇಲಿ ನಾಲ್ಕು ಮಕ್ಕಳು ಹುಟ್ಟಿದ್ವು ಕಣೇ," ಅಂದಳು. "ನನ್ನ ಕೈ ಒಳ್ಳೇದಲ್ಲ ಅಂತ ಒಂದನ್ನೂ ಎತ್ಕೊಳ್ಳಲಿಲ್ಲ."

ಅಷ್ಟರಲ್ಲಿ ಮಗು ಅಳತೊಡಗಿತು. ಅಕ್ಕ ಎದ್ದಳು, ಸೆರಗಿಗೆ ಕೈ ಒರೆಸಿಕೊಂಡು ತೊಟ್ಟಿಲ ಹತ್ತಿರ ಹೋಗಿ ಬಗ್ಗಿದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಹಿಂದಕ್ಕೆ ಬಂದು ಕೂತಳು.

"ನೀನೇ ಎತ್ಕೋ ಹೋಗು," ಅಂದಳು. "ನಂಗೆ ಬರಲ್ಲ."