ಅರ್ಧ ಕೂತ ಕೊಂಡಿ

ರಾಯಚೂರಿನ ಕೋಟೆಗೋಡೆಗೆ ಇನ್ನೂ ಬಿಸಿಲು ತಾಕಿಲ್ಲ. ಕುತುಬುದ್ದೀನ್ ತಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ರೈಫಲ್ಲಿನ ಹಿಂಭಾಗವನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಹೆಗಲಿಗೆ ಆನಿಸುವ ಈ ಮರದ ಭಾಗಕ್ಕೆ ಇಲ್ಲಿ ಕುಂದಾ ಎನ್ನುತ್ತಾರೆ. ಬಾಗಿಲಿನ ಹಾಗೆ ಇದಕ್ಕೂ ಒಂದು ತಿರುಗಣೆ. ಪೂರ್ತಿ ಬಿಚ್ಚಿದಾಗ ಸ್ಪ್ರಿಂಗು ತಳ್ಳಿದ ಕೊಂಡಿ ತನ್ನ ತೂತಿನಲ್ಲಿ ಕೂರಬೇಕು. ಕೂತಿತೋ ಇಲ್ಲವೋ ನೋಡಲು ಅವರು ಜೋಡಣೆಯ ಸಂದಿನಲ್ಲಿ ಬೀಡಿ ಎಲೆಯ ಚೂರು ಸಿಕ್ಕಿಸಿ ಎಳೆಯುತ್ತಾರೆ. ಎಲೆ ಹರಿದರೆ ಸರಿ. ಜಾರಿ ಬಂದರೆ ಕೆಲಸ ಮೊದಲಿನಿಂದ.

"ಟಕ್ ಅಂತು, ಕೂತದ ಅಂತ ತಿಳೀಬಾರದ್ರೀ. ಸಪ್ಪಳ ಸುಳ್ಳು ಹೇಳ್ತದ" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ವಯಸ್ಸು ಐವತ್ತೆಂಟು. ಅಪ್ಪನಿಂದ ಬಂದ ಕಸುಬು, ಅಪ್ಪನ ಹೆಸರಿನಲ್ಲೇ ಬಂದ ಲೈಸೆನ್ಸು. ದೇವದುರ್ಗ, ಮಾನ್ವಿ ಕಡೆಯಿಂದ ಬೆಳೆ ಕಾಯುವವರ ಬಂದೂಕು ತಿಂಗಳಿಗೆ ಮೂರು ಬಂದರೆ ಹೆಚ್ಚು. ಮಿಕ್ಕ ದಿನ ಸ್ಟೋವು, ಬೀಗ, ಹೊಲಿಗೆ ಯಂತ್ರ. ಹೊಸ ಕುಂದಾ ಕೆತ್ತಿದರೆ ಅದನ್ನು ಎಂಟು ದಿನ ನೀರಿನ ಹಂಡೆಯ ಪಕ್ಕ, ಎಂಟು ದಿನ ಮಾಳಿಗೆಯ ಬಿಸಿಲಿನಲ್ಲಿ ಇಡುತ್ತಾರೆ. ಎರಡರಲ್ಲೂ ಕೊಂಡಿ ಕೂತ ಮೇಲೆಯೇ ಕೊಡುವುದು. ಕಟ್ಟಿಗೆಗೆ ಬಾಣಂತನ ಮಾಡುತ್ತಾನೆ ಎಂದು ಓಣಿಯವರು ನಗುತ್ತಾರೆ. ನಗುವವರಿಗೇನು, ಈ ಪಾಠಕ್ಕೆ ಬೆಲೆ ತೆತ್ತವನು ಬೇರೆ.

ಅದು ಆರು ವರ್ಷದ ಹಿಂದಿನ, ಎಪ್ಪತ್ತೆಂಟನೇ ಇಸವಿಯ ಮಾತು. ಕಲ್ಲೂರಿನ ಮಾಜಿ ಸೈನಿಕ ವೆಂಕೋಬ ಶೇಂಗಾ ಹೊಲಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಉದ್ದನೆಯ ರೈಫಲ್ಲು ಅಡ್ಡವಾಗುತ್ತಿತ್ತು. ಮಡಚುವ ಹಾಗೆ ಮಾಡಿಕೊಡು ಎಂದರು. ಬೇಸಿಗೆಯ ಒಣಮರಕ್ಕೆ ಕುತುಬುದ್ದೀನ್ ಕೂದಲೂ ತೂರದ ಹಾಗೆ ತಿರುಗಣೆ ಕೂರಿಸಿ ಕೊಟ್ಟರು. ಶ್ರಾವಣದಲ್ಲಿ ಮರ ಉಬ್ಬಿತು. ಕೊಂಡಿ ಅರ್ಧಕ್ಕೇ ನಿಂತಿತು. ಹಂದಿಗೆ ಗುರಿಯಿಟ್ಟು ಹೊಡೆದ ಹೊಡೆತಕ್ಕೆ ಕುಂದಾ ಮಡಚಿಕೊಂಡಿತು, ರೈಫಲ್ಲಿನ ಕಬ್ಬಿಣ ವೆಂಕೋಬರ ಬಲಗಣ್ಣಿಗೆ ಬಡಿಯಿತು.

"ಮಳಿಗಿ ಮರ ಉಬ್ಬತದ ಅಂಬೋದು ಸಣ್ಣ ಹುಡುಗರಿಗೂ ಗೊತ್ತು. ನಾ ಮರತೆ. ಅವನ ಕಣ್ಣು ಹೋತು."

ಆರು ವರ್ಷ ಇವರು ಹೇಳಿ ಕಳಿಸಿದ ಮಾತಿಗೆಲ್ಲ ಕಲ್ಲೂರಿನಿಂದ ಉತ್ತರವಿಲ್ಲ. ಹೋದ ತಿಂಗಳು ವೆಂಕೋಬರೇ ಬಂದು, ಕಟ್ಟೆಯ ಮೇಲೆ ರೈಫಲ್ಲಿಟ್ಟು, "ಎಡ ಹೆಗಲಿಗಿ ಮಾಡು" ಎಂದಷ್ಟೇ ಹೇಳಿ ಹೋದರು. ಇವತ್ತು ಒಯ್ಯುವ ದಿನ. ಅವರು ಗುರಿ ನೋಡಲು ಈ ಕುಂದಾಕ್ಕೆ ಮತ್ತೆ ಕೆನ್ನೆ ಇಡುತ್ತಾರೋ ಇಲ್ಲವೋ ಎಂಬ ಚಿಂತೆಗೆ ಕುತುಬುದ್ದೀನ್ ರಾತ್ರಿ ಊಟ ಬಿಟ್ಟಿದ್ದಾರೆ.

ಮೊದಲ ಬಸ್ಸಿಗೇ ವೆಂಕೋಬ ಬರುತ್ತಾರೆ. ನಮಸ್ಕಾರವಿಲ್ಲ. ರೈಫಲ್ಲು ಖಾಲಿಯಿದೆಯೇ ನೋಡಿ, ಕುಂದಾ ಬಿಚ್ಚಿ, ಗೋಡೆಗೆ ಕೊಟ್ಟು ಮೈಭಾರವೆಲ್ಲ ಹಾಕಿ ಒತ್ತುತ್ತಾರೆ. ಕೊಂಡಿ ಮಿಸುಕುವುದಿಲ್ಲ.

"ಮೊದಲ ನೀ ಗಲ್ಲ ಇಡು."

ಕುತುಬುದ್ದೀನ್ ರೈಫಲ್ಲು ಹೆಗಲಿಗೇರಿಸಿ ಕೆನ್ನೆ ಆನಿಸುತ್ತಾರೆ. ವೆಂಕೋಬ ಕುತುಬುದ್ದೀನರ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಆಮೇಲೆ ರೈಫಲ್ಲು ಕಸಿದುಕೊಂಡು ತಮ್ಮ ಎಡಗೆನ್ನೆಯನ್ನು ಮರಕ್ಕಿಟ್ಟು, ಉಳಿದೊಂದು ಕಣ್ಣಿನಲ್ಲಿ ಬೀದಿಯ ತುದಿ ನೋಡುತ್ತಾರೆ.

"ಕೂಡ್ತದ" ಎನ್ನುತ್ತಾರೆ.

ಕುತುಬುದ್ದೀನರ ಸನ್ನೆಗೆ ಅವರ ಹೆಂಡತಿ ಅನ್ವರಿ ಬೇಗಂ ಚಹಾ ತರುತ್ತಾರೆ.

"ಬಂದೂಕು ಒಯ್ತೀನಿ. ನಿಮ್ಮ ಮನಿ ಚಹಾ ಬ್ಯಾಡ."

ವೆಂಕೋಬ ರೈಫಲ್ಲು ಹೊತ್ತು ಹೊರಟುಹೋಗುತ್ತಾರೆ. ಕ್ಷಮಿಸಲಿಲ್ಲವಲ್ಲ ಎಂದು ನಾನೇ ಬಾಯಿಬಿಟ್ಟು ಅಂದೆ.

"ಯಾಕ ಮಾಫ್ ಮಾಡ್ಬೇಕ್ರೀ? ಕಣ್ಣು ಹೋದದ್ದು ಅವಂದು" ಎಂದರು. "ಗಲ್ಲ ಇಟ್ಟನಲ್ಲ. ನನಗ ಅಷ್ಟ ಸಾಕು."